‘ನನ್ನನ್ನು ಮುಟ್ಟಿದವರು ಯಾರು?’: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು, ಈ ಕಡೆ ನಿಮ್ಮಪ್ಪ ಕನ್ನಡಕ ಹುಡುಕುತ್ತಿದ್ದರು. ‘ನಿಮ್ಮ ಯೇಸು ದೇವರಾ, ಮನುಷ್ಯನಾ? ಏನು ಮಾಡಿದ ಅಂತ ಇಷ್ಟು ಹೆಸರು?’ ಅಂತ ರೂಮ್‌ಮೇಟ್ ಕೇಳಿದಳು, ನನಗೆ ಕ್ರಿಸ್‌ಮಸ್ ಕೇಕ್ ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ ಅಂದೆಯಲ್ಲ. ಅಷ್ಟು ವರ್ಷ ಸಂಡೇ ಸ್ಕೂಲಿಗೆ ತಲೆ ಬಾಚಿ ಕಳಿಸಿದವಳು ನಾನು. ಹಾಗಾಗಿ ಇದು ನನ್ನ ತಲೆಗೂ ಬರುತ್ತದೆ.

ಸುಲಭದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಆತ ಗಲಿಲಾಯದ ನಜರೇತಿನವನು. ಹುಟ್ಟಿದ್ದು ಬೇತ್ಲೆಹೇಮಿನಲ್ಲಿ ಅಂತ ಮತ್ತಾಯ, ಲೂಕ ಇಬ್ಬರೂ ತಮ್ಮ ಸುವಾರ್ತೆಗಳಲ್ಲಿ, ಅಂದರೆ ಆತನ ಬದುಕಿನ ಕಥೆ ಹೇಳುವ ಬೈಬಲಿನ ಪುಸ್ತಕಗಳಲ್ಲಿ, ಬರೆದಿದ್ದಾರೆ. ಯೆಹೂದಿ ಮನೆತನ, ಆಡುಮಾತು ಅರಾಮಿಕ್, ಕಸುಬು ಬಡಗಿಯದು. ದೇಶ ಆಗ ರೋಮಿನವರ ಮುಷ್ಟಿಯಲ್ಲಿತ್ತು. ನಮ್ಮ ಹಾಲಿನಲ್ಲಿರುವ ಚಿತ್ರದ ನೀಲಿ ಕಣ್ಣು, ಜೇನು ಬಣ್ಣದ ಕೂದಲು ಎರಡನ್ನೂ ನಂಬಬೇಡ. ಬಿಸಿಲಲ್ಲಿ ದುಡಿದ ಪಶ್ಚಿಮ ಏಷ್ಯಾದ ಮನುಷ್ಯ ಹಾಗಿರೋದಿಲ್ಲ. ‘ಫಾರಿನ್ ದೇವರು’ ಅಂತ ಮೂಗು ಮುರಿಯುವವರೂ ಆ ಚಿತ್ರ ಬರೆದವರೂ ಒಂದೇ ತಪ್ಪು ಮಾಡಿದ್ದಾರೆ ಅಂತ ನನಗನ್ನಿಸುತ್ತದೆ.

ಹುಟ್ಟಿದ ತಾರೀಖು ಯಾವ ಸುವಾರ್ತೆಯಲ್ಲೂ ಇಲ್ಲ. ಡಿಸೆಂಬರ್ 25 ಆತ ಹುಟ್ಟಿದ ದಿನ ಅಂತ ರೋಮಿನ ಪಟ್ಟಿಯೊಂದರಲ್ಲಿ ಕಾಣಿಸಿಕೊಳ್ಳೋದೇ ಕ್ರಿ.ಶ. 336ರ ಹೊತ್ತಿಗೆ. ಇಸವಿಯ ಕಥೆ ಇನ್ನೂ ಮಜವಾಗಿದೆ. 525ರಲ್ಲಿ ಡಯೊನೀಸಿಯಸ್ ಅನ್ನುವ ಸನ್ಯಾಸಿ ಯೇಸು ಹುಟ್ಟಿದ ವರ್ಷದಿಂದ ಇಸವಿ ಎಣಿಸಲು ಶುರು ಮಾಡಿದ. ಪಾಪ, ಲೆಕ್ಕದಲ್ಲಿ ಕೆಲವು ವರ್ಷ ತಪ್ಪಿತು. ಮಗು ಯೇಸುವನ್ನು ಕೊಲ್ಲಿಸಲು ಹೊರಟ ಹೆರೋದ ರಾಜ ಸತ್ತದ್ದೇ ಕ್ರಿ.ಪೂ. 4ರಲ್ಲಿ ಅಂತ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಅಂದರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ! ನಿನ್ನ ರೂಮ್‌ಮೇಟಿಗೆ ಇದನ್ನು ಹೇಳು, ನಗುತ್ತಾಳೆ.

ದೇವರಾ, ಮನುಷ್ಯನಾ ಅನ್ನೋದಕ್ಕೆ ದೊಡ್ಡ ದೊಡ್ಡ ಬಿಷಪ್ಪರೇ ಕಿತ್ತಾಡಿದ್ದಾರೆ. 325ರಲ್ಲಿ ನೈಸಿಯಾ ಊರಿನಲ್ಲಿ ಸಭೆ ಸೇರಿ ‘ಆತ ನಿಜವಾಗಿ ದೇವರೇ’ ಅಂತ ತೀರ್ಮಾನ ಮಾಡಿದರು. ಆಮೇಲೂ ಜಗಳ ನಿಲ್ಲಲಿಲ್ಲ. ದೇವರೂ ಹೌದು, ಮನುಷ್ಯನೂ ಹೌದು ಅಂತ ನಮ್ಮ ಚರ್ಚು ಹೇಳುತ್ತದೆ, ನಾನೂ ಹಾಗೇ ನಂಬಿದ್ದೇನೆ. ನಿನ್ನ ಗೆಳತಿಯನ್ನು ನಂಬಿಸುವ ಕೆಲಸ ನಿನಗೆ ಯಾರೂ ಕೊಟ್ಟಿಲ್ಲ. ಏನು ಮಾಡಿದ ಅಂತ ಕೇಳಿದಳಲ್ಲ, ಅದನ್ನು ಹೇಳು ಸಾಕು. ಆತನ ಪರ್ವತ ಪ್ರಸಂಗದ ಬೋಧನೆ, ಆತ ಹೇಳಿದ ತಪ್ಪಿಹೋದ ಮಗನ, ಒಳ್ಳೆಯ ಸಮಾರ್ಯದವನ ಕಥೆಗಳು, ಇವೆಲ್ಲ ನಿನಗೆ ಗೊತ್ತು. ನಾನು ಒಂದೇ ಒಂದು ದಿನದ ಕಥೆ ಬರೆಯುತ್ತೇನೆ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ.

ಗಲಿಲಾಯ ಸರೋವರದ ದಡ. ಯೇಸು ದೋಣಿಯಿಂದ ಇಳಿದದ್ದೇ ಜನ ಮುತ್ತಿಕೊಂಡರು. ಯಾಯೀರ ಅಂತ ಒಬ್ಬ, ಯೆಹೂದಿಗಳು ಪ್ರಾರ್ಥನೆಗೆ ಸೇರುವ ಸಭಾಮಂದಿರದ ಅಧಿಕಾರಿ, ಊರಲ್ಲಿ ಮರ್ಯಾದೆ ಇದ್ದವನು. ಎಲ್ಲರ ಎದುರು ಕಾಲಿಗೆ ಬಿದ್ದ. ‘ನನ್ನ ಪುಟ್ಟ ಮಗಳು ಸಾಯುವ ಹಾಗಿದ್ದಾಳೆ, ಬಂದು ಕೈಯಿಡು.’ ಹುಡುಗಿಗೆ 12 ವರ್ಷ. ಯೇಸು ಹೊರಟ. ಜನ ಮೈಮೇಲೆ ಬೀಳುವ ಹಾಗೆ ಹಿಂದೆ ಹೊರಟರು.

ಆ ಗುಂಪಿನಲ್ಲಿ ಒಬ್ಬ ಹೆಂಗಸು. ಆಕೆಗೆ 12 ವರ್ಷದಿಂದ ರಕ್ತ ಹೋಗುತ್ತಿತ್ತು. ಲೆಕ್ಕ ನೋಡು, ಯಾಯೀರನ ಮಗಳು ಹುಟ್ಟಿದ ಸುಮಾರಿಗೆ ಆಕೆಗೆ ಶುರುವಾದದ್ದು, ಆ ಹುಡುಗಿ ಬೆಳೆದಷ್ಟೂ ದಿನ ನಿಂತಿಲ್ಲ. ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು, ವಾಸಿಯಾಗುವ ಬದಲು ಇನ್ನೂ ಜಾಸ್ತಿಯಾಯಿತು ಅಂತ ಮಾರ್ಕ ಬರೆಯುತ್ತಾನೆ. ಇದೇ ಕಥೆಯನ್ನು ಲೂಕನೂ ಬರೆದಿದ್ದಾನೆ. ಆತ ವೈದ್ಯ ಅಂತ ಪ್ರತೀತಿ. ಆ ‘ಜಾಸ್ತಿಯಾಯಿತು’ ಅನ್ನೋದನ್ನು ಮಾತ್ರ ಮೆಲ್ಲಗೆ ಬಿಟ್ಟುಬಿಟ್ಟಿದ್ದಾನೆ!

ಯೆಹೂದಿಗಳು ಪಾಲಿಸುವ ಮೋಶೆಯ ಧರ್ಮಶಾಸ್ತ್ರದಲ್ಲಿ, ಬೈಬಲಿನ ಯಾಜಕಕಾಂಡದ 15ನೇ ಅಧ್ಯಾಯದಲ್ಲಿ, ಇಂಥ ಹೆಂಗಸು ಮೈಲಿಗೆ ಅಂತಿದೆ. ಆಕೆ ಕೂತ ಜಾಗ ಮೈಲಿಗೆ, ಮಲಗಿದ ಹಾಸಿಗೆ ಮೈಲಿಗೆ, ಅವನ್ನು ಮುಟ್ಟಿದವರಿಗೆ ಸಂಜೆಯ ತನಕ ಮೈಲಿಗೆ. ಇದನ್ನು ಓದಿ ಯೆಹೂದಿಗಳನ್ನು ಆಡಿಕೊಳ್ಳಬೇಡ. ಆತನೂ ಯೆಹೂದಿ, ಆಕೆಯೂ ಯೆಹೂದಿ. ಮೈಲಿಗೆ ಅಂದರೆ ಪಾಪ ಅಂತ ಅಲ್ಲಿ ಅರ್ಥವೂ ಇರಲಿಲ್ಲ. ನಮ್ಮ ಮನೆಯದ್ದನ್ನೇ ನೋಡು. ಕನ್ನಡದಲ್ಲಿ ಆ ದಿನಗಳಿಗೆ ಹೆಸರೇ ‘ಮುಟ್ಟು’. ಮುಟ್ಟಬಾರದ ದಿನಕ್ಕೆ ಮುಟ್ಟು ಅಂತ ಹೆಸರು! ನಮ್ಮಜ್ಜಿ ಒಂದು ಭಾನುವಾರವೂ ಆರಾಧನೆ ತಪ್ಪಿಸಿದವರಲ್ಲ. ಆದರೂ ನಾನು ದೊಡ್ಡವಳಾದ ಮೇಲೆ ಆ ದಿನಗಳಲ್ಲಿ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಎದ್ದು ಹೋಗಬಾರದು ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ನಾನು ಬೆಂಚಿನಲ್ಲಿ ಒಬ್ಬಳೇ ಕೂತು ಪಾದಗಳನ್ನು ನೋಡಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನ ಗಂಡುಹುಡುಗರಿಗೂ ಕಾರಣ ಗೊತ್ತಾಗುತ್ತಿತ್ತು. ಸಭಾಪಾಲಕರು ಹೀಗೆ ಮಾಡಿ ಅಂತ ಯಾವತ್ತೂ ಹೇಳಿದವರಲ್ಲ. ಅಜ್ಜಿಗೆ ಅವರಜ್ಜಿಯಿಂದ ಬಂದದ್ದು, ಅಷ್ಟೇ.

ಆ ಹೆಂಗಸು ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟಿದಳು. ರಕ್ತ ನಿಂತಿತು. ಯಾರಿಗೂ ಗೊತ್ತಾಗದ ಹಾಗೆ ಹೋಗಿಬಿಡೋಣ ಅಂದುಕೊಂಡಿರಬೇಕು. ಆದರೆ ಯೇಸು ತಿರುಗಿ ನಿಂತು ಕೇಳಿದ: ‘ನನ್ನ ಬಟ್ಟೆ ಮುಟ್ಟಿದವರು ಯಾರು?’

ಶಿಷ್ಯರಿಗೆ ತಲೆಬಿಸಿ. ಇಷ್ಟು ಜನ ನೂಕುತ್ತಿರುವಾಗ ಯಾರು ಮುಟ್ಟಿದರು ಅಂತ ಕೇಳುತ್ತೀಯಲ್ಲ ಅಂದರು. ಆತ ಜಗ್ಗಲಿಲ್ಲ, ಸುತ್ತ ನೋಡುತ್ತಾ ನಿಂತ. ಈ ಜಾಗದಲ್ಲಿ ನಾನು ಯಾವಾಗಲೂ ಯಾಯೀರನನ್ನು ನೋಡುತ್ತೇನೆ. ಮಾರ್ಕ ಆತನ ಬಗ್ಗೆ ಒಂದು ಮಾತೂ ಬರೆಯೋದಿಲ್ಲ. ಮನೆಯಲ್ಲಿ ಮಗಳು ಕೊನೆಯುಸಿರು ಎಳೆಯುತ್ತಿದ್ದಾಳೆ, ಇಲ್ಲಿ ಈ ಮನುಷ್ಯ ಯಾರು ಮುಟ್ಟಿದರು ಅಂತ ವಿಚಾರಣೆ ಮಾಡುತ್ತಾ ನಿಂತಿದ್ದಾನೆ. ನಾನಾಗಿದ್ದರೆ ಕೈ ಹಿಡಿದು ಎಳೆದುಬಿಡುತ್ತಿದ್ದೆ. ನಿನಗೆ ಆರನೇ ಕ್ಲಾಸಿನಲ್ಲಿ ಟೈಫಾಯ್ಡ್ ಬಂದಿತ್ತಲ್ಲ, ಆ ರಾತ್ರಿಗಳಲ್ಲಿ ಈ ಅಧ್ಯಾಯ ಓದಲು ಹೋಗಿ ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟಿದ್ದೇನೆ. ಯೇಸುವಿನ ಮೇಲೆ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ.

ಹೆಂಗಸು ನಡುಗುತ್ತಾ ಮುಂದೆ ಬಂದು ನಿಜವನ್ನೆಲ್ಲ ಹೇಳಿದಳು. ‘ನಿಜವನ್ನೆಲ್ಲ’ ಅಂತಲೇ ಇದೆ. 12 ವರ್ಷದ ಕಥೆ, ಎರಡು ನಿಮಿಷದಲ್ಲಿ ಮುಗಿಯೋದಾ? ಆತ ಪೂರ್ತಿ ಕೇಳಿದ. ಕೇಳಿ, ‘ಮಗಳೇ’ ಅಂದ. ‘ನಿನ್ನ ನಂಬಿಕೆ ನಿನ್ನನ್ನು ವಾಸಿ ಮಾಡಿತು, ಸಮಾಧಾನದಿಂದ ಹೋಗು.’ ನಾಲ್ಕು ಸುವಾರ್ತೆಗಳಲ್ಲಿ ಆತ ಒಬ್ಬಳನ್ನು ನಿಲ್ಲಿಸಿಕೊಂಡು ‘ಮಗಳೇ’ ಅಂತ ಕರೆದದ್ದು ಇವಳನ್ನು ಮಾತ್ರ. ಯಾಯೀರನ ಹೆಸರು ಬರೆದಿಟ್ಟವರು ಆಕೆಯ ಹೆಸರು ಬರೆದಿಡಲಿಲ್ಲ. ಮೊದಲು ನನಗೆ ಬೇಸರವಾಗಿತ್ತು. ಗುಟ್ಟಾಗಿ ವಾಸಿಯಾಗಿ ಹೋಗಲು ಬಂದವಳನ್ನು ಎಲ್ಲರ ಮುಂದೆ ಯಾಕೆ ನಿಲ್ಲಿಸಬೇಕಿತ್ತು? ಈಗ ಅನ್ನಿಸುತ್ತದೆ, ರಕ್ತ ನಿಂತದ್ದು ಆಕೆಗೆ ಮಾತ್ರ ಗೊತ್ತು. ಊರಿಗೆ ಗೊತ್ತಾಗಬೇಕಲ್ಲ, ಇನ್ನು ಈಕೆಯನ್ನು ಮುಟ್ಟಬಹುದು ಅಂತ.

ಅಷ್ಟರಲ್ಲಿ ಯಾಯೀರನ ಮನೆಯಿಂದ ಜನ ಬಂದರು. ‘ಮಗಳು ತೀರಿಕೊಂಡಳು. ಇನ್ನು ಬೋಧಕನಿಗೆ ಯಾಕೆ ತೊಂದರೆ?’ ಯೇಸು ಆತನಿಗೆ, ‘ಹೆದರಬೇಡ, ನಂಬು’ ಅಂದು ನಡೆದ. ಮನೆ ಮುಂದೆ ಗೋಳೋ ಅಂತ ಅಳುತ್ತಿದ್ದರು. ‘ಹುಡುಗಿ ಸತ್ತಿಲ್ಲ, ನಿದ್ದೆ ಮಾಡುತ್ತಿದ್ದಾಳೆ’ ಅಂದದ್ದಕ್ಕೆ ಅಳುತ್ತಿದ್ದವರೇ ನಕ್ಕರು. ಅವರನ್ನೆಲ್ಲ ಹೊರಗೆ ಕಳಿಸಿ, ಅಪ್ಪ ಅಮ್ಮ ಮತ್ತು ತನ್ನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಒಳಗೆ ಹೋದ. ಹೆಣ ಮುಟ್ಟಿದರೆ ಏಳು ದಿನದ ಮೈಲಿಗೆ. ಆತ ಕೈ ಹಿಡಿದುಕೊಂಡ. ‘ತಲಿಥಾ ಕೂಮ್’ ಅಂದ.

ಮಾರ್ಕ ಬರೆದದ್ದು ಗ್ರೀಕಿನಲ್ಲಿ. ಆದರೂ ಈ ಎರಡು ಮಾತನ್ನು ಯೇಸು ಆಡಿದ ಅರಾಮಿಕ್‌ನಲ್ಲೇ ಉಳಿಸಿ, ಪಕ್ಕದಲ್ಲಿ ಅರ್ಥ ಕೊಟ್ಟಿದ್ದಾನೆ. ಆ ಕೋಣೆಯಲ್ಲಿದ್ದವರ ಕಿವಿಯಿಂದ ಅದು ಹೋಗಿರಲಿಕ್ಕಿಲ್ಲ. ನಮ್ಮ ಮನೆ ಮಾತಿನಲ್ಲಿ ‘ಪುಟ್ಟೀ, ಏಳಮ್ಮಾ’ ಅನ್ನಬಹುದು. ಸ್ಕೂಲಿಗೆ ಹೊತ್ತಾಯಿತು ಅಂತ ನಿನ್ನನ್ನು ಎಬ್ಬಿಸುತ್ತಿದ್ದೆನಲ್ಲ, ಅದೇ ಧಾಟಿ. ಹುಡುಗಿ ಎದ್ದು ಓಡಾಡಿದಳು. ಎಲ್ಲರೂ ಬಾಯಿ ಬಿಟ್ಟು ನಿಂತಿದ್ದರೆ ಆತ ಹೇಳಿದ್ದೇನು ಗೊತ್ತಾ? ಇದನ್ನು ಯಾರಿಗೂ ಹೇಳಬೇಡಿ, ಇವಳಿಗೆ ತಿನ್ನಲು ಏನಾದರೂ ಕೊಡಿ.

ನಿನಗೆ ಜ್ವರ ಬಿಟ್ಟ ದಿನ ಬೆಳಗಿನ ಜಾವ ‘ಅಮ್ಮಾ, ಹಸಿವು’ ಅಂದೆ. ಗಂಜಿ ಕಾಯಿಸಿ ಚಮಚದಲ್ಲಿ ಆರಿಸಿ ಆರಿಸಿ ಕುಡಿಸಿದೆ. ನಾಲ್ಕನೆಯದೋ ಐದನೆಯದೋ ಚಮಚಕ್ಕೆ ಈ ಮಾತು ನೆನಪಾಗಿ ಕೈ ನಡುಗಿತು. ಗಂಜಿ ನಿನ್ನ ಫ್ರಾಕಿನ ಮೇಲೆ ಚೆಲ್ಲಿತು, ನೀನು ಬೈದೆ.

ಮುಂದಿನದು ನಿನಗೆ ಗೊತ್ತಿರೋದೇ. ಯೆಹೂದಿಗಳ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿ ದೇವಾಲಯದಲ್ಲಿ ಹಣ ಬದಲಾಯಿಸುವವರ ಮೇಜು ಉರುಳಿಸಿದ. ರೋಮಿನ ಅಧಿಕಾರಿ ಪಿಲಾತ ಶಿಲುಬೆಗೆ ಹಾಕಿಸಿದ. ಕ್ರಿ.ಶ. 30 ಇರಬಹುದು, 33 ಇರಬಹುದು. ಶಿಲುಬೆ ಅಂದರೆ ಗುಲಾಮರಿಗೆ, ದಂಗೆಕೋರರಿಗೆ ಇಟ್ಟ ಸಾವು. ಕ್ರೈಸ್ತರನ್ನು ಕಂಡರಾಗದ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ಪಿಲಾತ ಕೊಲ್ಲಿಸಿದ ಅಂತ ಬರೆದಿಟ್ಟಿದ್ದಾನೆ. ಹಾಗಾಗಿ ಸುಮ್ನೆ ಕಟ್ಟುಕಥೆ ಅಂತ ಯಾರಾದರೂ ಅಂದರೆ ಅದನ್ನು ಹೇಳು. ಆಮೇಲೆ ಅದೇ ಶಿಲುಬೆಯನ್ನು ಎದೆಗೆ ಹೊಲಿಸಿಕೊಂಡು ಯುದ್ಧಕ್ಕೆ ಹೋದವರೂ ಇದ್ದಾರೆ, ಅದನ್ನೂ ಮುಚ್ಚಿಡಬೇಡ.

ಯೇಸುವನ್ನು ಹಿಡಿದ ರಾತ್ರಿ ಗಂಡು ಶಿಷ್ಯರು ಓಡಿಹೋದರು. ಕೋಣೆಯೊಳಗೆ ‘ತಲಿಥಾ ಕೂಮ್’ ಕೇಳಿಸಿಕೊಂಡ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ, ಒಬ್ಬ ಕೆಲಸದ ಹುಡುಗಿಯ ಮುಂದೆ ‘ಆತ ನನಗೆ ಗೊತ್ತೇ ಇಲ್ಲ’ ಅಂದ. ಶಿಲುಬೆಯನ್ನು ದೂರದಿಂದಾದರೂ ನೋಡುತ್ತಾ ನಿಂತವರು ಅಂತ ಮಾರ್ಕ ಹೆಸರು ಕೊಡೋದು ಹೆಂಗಸರದ್ದು: ಮಗ್ದಲದ ಮರಿಯಳು, ಇನ್ನೊಬ್ಬ ಮರಿಯಳು, ಸಲೋಮೆ. ಮೂರನೇ ದಿನ ಸುಗಂಧದ್ರವ್ಯ ತೆಗೆದುಕೊಂಡು ಹೋದವರೂ ಅವರೇ. ಹೆಣ ಮುಟ್ಟಲು ಹೋದವರು. ಸಮಾಧಿ ಖಾಲಿ. ಆತ ಎದ್ದಿದ್ದಾನೆ, ಹೋಗಿ ಹೇಳಿ ಅಂದ ಅಲ್ಲಿ ಕೂತಿದ್ದ ಯೌವನಸ್ಥ.

ಮಾರ್ಕನ ಅತಿ ಹಳೆಯ ಪ್ರತಿಗಳು ಇದರ ಮುಂದಿನ ವಾಕ್ಯಕ್ಕೆ ನಿಂತುಹೋಗುತ್ತವೆ. ಅವರು ನಡುಗುತ್ತಾ ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಗೆ ಮುಗಿಯಿತು. ಈಗ ಅಚ್ಚಾಗಿರುವ ಉಳಿದ ವಾಕ್ಯಗಳು ಆಮೇಲೆ ಸೇರಿದವು ಅನ್ನುತ್ತಾರೆ. ಮೊದಲ ಸಲ ಇದನ್ನು ತಿಳಿದಾಗ ನನಗೆ ಗಾಬರಿಯಾಗಿತ್ತು. ಆಮೇಲೆ ನಗು ಬಂತು. ಯಾರಿಗೂ ಹೇಳಲಿಲ್ಲ ಅಂದರೆ ನಮಗೆ ಹೇಗೆ ಗೊತ್ತಾಯಿತು? ಯಾವಾಗಲೋ, ಯಾರ ಹತ್ತಿರವೋ ಬಾಯಿ ಬಿಟ್ಟಿರಬೇಕು, ಅಲ್ವಾ?

ಡಬ್ಬಿ ಕೊರಿಯರ್ ಮಾಡಿದ್ದೇನೆ. ಮೇಲೆ ಚಕ್ಕುಲಿ, ಕೆಳಗೆ ಕರ್ಜಿಕಾಯಿ, ಒಡೆಯದ ಹಾಗೆ ನ್ಯೂಸ್‌ಪೇಪರ್ ಸುತ್ತಿದ್ದೇನೆ. ಆ ಹುಡುಗಿಗೂ ಕೊಡು. ಟಿಕೆಟ್ ಸಿಕ್ಕಿದ ಕೂಡಲೇ ತಿಳಿಸು, ನಿಮ್ಮಪ್ಪ ದಿನಾ ಕೇಳುತ್ತಿದ್ದಾರೆ.

ನಿನ್ನ
ಅಮ್ಮ