ಘಟಕದ ನೀರಿನ ರುಚಿ ಮತ್ತು ಮೀಟರಿನ ಅಂಕಿ ಬದಲಾಗಲಿರುವ ಬಗ್ಗೆ ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ ಹಾಗೂ ಗ್ರಾಹಕ ಬಂಧುಗಳೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಘದ ಕುಡಿಯುವ ನೀರಿನ ಘಟಕದಲ್ಲಿ ಆರ್‌ಒ ಯಂತ್ರದ ಬದಲು, ಇದ್ದಿಲಿನ ವಿದ್ಯುದ್ವಾರಗಳಿಂದ ಉಪ್ಪನ್ನು ಹಿಡಿದು ತೆಗೆಯುವ ಹೊಸ ಯಂತ್ರ ಕೆಲಸ ಮಾಡಲಿದೆ. ಕ್ಯಾನು, ನಲ್ಲಿ, 20 ಲೀಟರಿಗೆ 5 ರೂಪಾಯಿಯ ದರ ಎಲ್ಲವೂ ಹಿಂದಿನಂತೆಯೇ ಇರುತ್ತವೆ. ಆದರೆ ನೀರಿನ ರುಚಿ ಸ್ವಲ್ಪ ಬೇರೆಯಾಗಲಿದೆ. ಮನೆಯಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ಮೀಟರ್ ಇಟ್ಟುಕೊಂಡವರಿಗೆ ಇದುವರೆಗೆ 40ರ ಆಸುಪಾಸಿನಲ್ಲಿ ಕಾಣುತ್ತಿದ್ದ ಅಂಕಿ ಇನ್ನು ಮುಂದೆ 250ರ ಹತ್ತಿರ ಕಾಣಲಿದೆ. ಯಂತ್ರ ಕೆಟ್ಟಿದೆಯೆಂದೋ, ಬೋರ್‌ವೆಲ್ ನೀರನ್ನೇ ತುಂಬಿಸಿ ಕೊಡುತ್ತಿದ್ದೇವೆಂದೋ ಯಾರೂ ಭಾವಿಸಬಾರದು. ಈ ಅಂಕಿಯನ್ನು ನಾವು ತಿಳಿದೇ ಆರಿಸಿಕೊಂಡಿದ್ದೇವೆ. ಏಕೆ ಎಂಬುದನ್ನು ವಿವರಿಸುವುದು ಈ ಪತ್ರದ ಉದ್ದೇಶ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ ಮಳೆಗಾಲದ ನಂತರ ಲೀಟರಿಗೆ 1,000 ಮಿಲಿಗ್ರಾಂ ಸುಮಾರಿನಲ್ಲಿದ್ದು, ಬೇಸಿಗೆಯ ಕೊನೆಗೆ 1,200ರವರೆಗೂ ಏರುತ್ತದೆ. ಕೋಲಾರ ಜಿಲ್ಲೆಯ ಆಳದ ಬೋರ್‌ವೆಲ್‌ಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಟಿಡಿಎಸ್ 500ರವರೆಗೆ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 2,000ದವರೆಗೂ ಒಪ್ಪಬಹುದು. ಹೀಗಿರುವಾಗ ನಾವು ಇಷ್ಟು ವರ್ಷ ಉಪ್ಪನ್ನು 40ಕ್ಕೆ ಇಳಿಸಿ, ಅದಕ್ಕಾಗಿ ಪ್ರತಿ ಕ್ಯಾನ್ ಒಳ್ಳೆಯ ನೀರಿಗೆ ಹೆಚ್ಚುಕಡಿಮೆ ಇನ್ನೊಂದು ಕ್ಯಾನ್ ನೀರನ್ನು ಘಟಕದ ಹಿಂಬದಿಯ ತೊಟ್ಟಿಗೆ ಬಿಟ್ಟು ಹಾಳು ಮಾಡುತ್ತಿದ್ದೆವು. ಅಂತರ್ಜಲ ಸಾವಿರ ಅಡಿಯ ಲೆಕ್ಕದಲ್ಲಿ ಇಳಿದಿರುವ ಊರಿನಲ್ಲಿ ಇದು ನ್ಯಾಯವಾದ ಲೆಕ್ಕವಲ್ಲ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಸಬಾರದು, ಬಳಸುವ ಕಡೆಯೂ ಶೇಕಡಾ 60ಕ್ಕಿಂತ ಹೆಚ್ಚು ನೀರು ಕೈಗೆ ಸಿಗಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿಯೇ ಹೇಳಿತ್ತು.

ಎರಡೂ ಯಂತ್ರಗಳ ವ್ಯತ್ಯಾಸ ಹೀಗಿದೆ. ನಮ್ಮ ನೀರಿನಲ್ಲಿ ಸಾವಿರ ಪಾಲಿಗೆ ಉಪ್ಪಿರುವುದು ಸುಮಾರು ಒಂದು ಪಾಲು. ಆರ್‌ಒ ಯಂತ್ರ ಆ ಒಂದು ಪಾಲನ್ನು ಬೇರ್ಪಡಿಸಲು ನೀರನ್ನೇ ಪಂಪಿನ ಒತ್ತಡದಿಂದ ಮೆಂಬ್ರೇನ್ ಎಂಬ ತೆಳುಪೊರೆಯ ಮೂಲಕ ತಳ್ಳುತ್ತದೆ. ಮೊರದ ಅಕ್ಕಿಯಿಂದ ಕಲ್ಲು ಹೆಕ್ಕುವುದನ್ನು ಬಿಟ್ಟು, ಅಕ್ಕಿಯನ್ನೇ ಒಂದೊಂದು ಕಾಳಾಗಿ ಇನ್ನೊಂದು ಪಾತ್ರೆಗೆ ಹಾಕಿದ ಹಾಗೆ. ಹೊಸ ಯಂತ್ರ ಕಲ್ಲನ್ನೇ ಹೆಕ್ಕುತ್ತದೆ. ಉಪ್ಪು ನೀರಿನಲ್ಲಿ ಕರಗಿದಾಗ ಧನ ಮತ್ತು ಋಣ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ, ಒಡೆಯುತ್ತದೆ. ಸಕ್ರಿಯ ಇದ್ದಿಲಿನಿಂದ ಮಾಡಿದ ಹಾಳೆಗಳನ್ನು ಎದುರುಬದುರಾಗಿ ಜೋಡಿಸಿ, ನಡುವಿನ ಸಣ್ಣ ಸಂದಿನಲ್ಲಿ ನೀರು ಹರಿಸಿ, ಒಂದು ಹಾಳೆಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಋಣ ತುದಿಗೂ ಸೇರಿಸಿದರೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಕಣಗಳು ಋಣ ಹಾಳೆಯ ಕಡೆಗೂ, ಕ್ಲೋರೈಡ್, ನೈಟ್ರೇಟ್ ಮತ್ತು ಫ್ಲೋರೈಡ್ ಕಣಗಳು ಧನ ಹಾಳೆಯ ಕಡೆಗೂ ಸರಿದು, ಇದ್ದಿಲಿನ ರಂಧ್ರಗಳೊಳಗೆ ನಿಲ್ಲುತ್ತವೆ. ಹೊರಬರುವ ನೀರಿನಲ್ಲಿ ಉಪ್ಪು ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ. ಎಷ್ಟು ಕಡಿಮೆಯಾಗಬೇಕು ಎಂಬುದನ್ನು ನಾವೇ ಗೊತ್ತುಮಾಡಬಹುದು. 250ಕ್ಕೆ ನಿಲ್ಲಿಸಿರುವುದು ಹಾಗೆಯೇ. ಇನ್ನೂ ಕೆಳಗಿಳಿಸಿದಷ್ಟೂ ಕರೆಂಟೂ ನೀರೂ ಹೆಚ್ಚು ಖರ್ಚಾಗುತ್ತವೆ.

ಇದ್ದಿಲೇ ಏಕೆ ಎಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿದ್ದರು. ಉಪ್ಪು ನಿಲ್ಲಲು ಜಾಗ ಬೇಕು. ಒಳ್ಳೆಯ ಸಕ್ರಿಯ ಇದ್ದಿಲಿನ ಒಂದೇ ಒಂದು ಗ್ರಾಮಿನಲ್ಲಿರುವ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನಿನಷ್ಟು ಆಗುತ್ತದೆ. ಅಷ್ಟಿದ್ದರೂ ಒಂದು ಗ್ರಾಂ ಇದ್ದಿಲು ಒಂದು ಸಲಕ್ಕೆ ಹಿಡಿಯುವ ಉಪ್ಪು ಹತ್ತು ಮಿಲಿಗ್ರಾಮಿನ ಸುಮಾರು ಮಾತ್ರ. ಆದ್ದರಿಂದ ಕೆಲವು ನಿಮಿಷಗಳಿಗೊಮ್ಮೆ ಹಾಳೆಗಳು ತುಂಬಿಹೋಗುತ್ತವೆ. ಆಗ ಯಂತ್ರ ತಾನಾಗಿಯೇ ಧನ ಋಣಗಳನ್ನು ಅದಲುಬದಲು ಮಾಡಿ, ಹಿಡಿದಿಟ್ಟ ಉಪ್ಪನ್ನು ಸ್ವಲ್ಪ ನೀರಿನಲ್ಲಿ ತೊಳೆದು ಹೊರಗೆ ಕಳುಹಿಸಿ ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ನಲ್ಲಿ ನೇರವಾಗಿ ಯಂತ್ರಕ್ಕಲ್ಲ, ಶುದ್ಧ ನೀರಿನ ತೊಟ್ಟಿಗೆ ಸೇರಿರುವುದರಿಂದ ನಿಮಗೆ ಈ ಬಿಡುವು ಗೊತ್ತಾಗುವುದಿಲ್ಲ. ಸೀಲಿಂಗ್ ಫ್ಯಾನ್ ನಿಧಾನವಾದಾಗ ಬದಲಿಸುವ ಕೆಪಾಸಿಟರ್ ವಿದ್ಯುದಂಶವನ್ನು ತುಂಬಿಕೊಂಡು ಬಿಟ್ಟುಕೊಡುವಂತೆಯೇ ಇದೂ ಮಾಡುವುದರಿಂದ ಈ ವಿಧಾನಕ್ಕೆ ಕೆಪ್ಯಾಸಿಟಿವ್ ಡಿಅಯಾನೈಸೇಶನ್, ಚಿಕ್ಕದಾಗಿ ಸಿಡಿಐ, ಎಂಬ ಹೆಸರಿದೆ. ಇದು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಒಕ್ಲಹೋಮಾದಲ್ಲಿ 1960ರ ಸುಮಾರಿಗೆ ಇದರ ಮೊದಲ ಪ್ರಯೋಗಗಳು ನಡೆದವು. 1990ರ ದಶಕದಲ್ಲಿ ಅಲ್ಲಿಯ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಇದನ್ನು ಮತ್ತೆ ಕೈಗೆತ್ತಿಕೊಂಡಿತು. ನಮ್ಮ ಪಕ್ಕದ ಮದ್ರಾಸ್ ಐಐಟಿಯಲ್ಲಿಯೂ ಇದರ ಮೇಲೆ ಕೆಲಸ ನಡೆದಿದೆ.

ಕರೆಂಟ್ ಹಾಯಿಸಿದ ನೀರು ಕುಡಿಯುವುದು ಸರಿಯೇ ಎಂಬ ಅನುಮಾನ ಕೆಲವರಿಗಿದೆ. ಹಾಳೆಗಳ ನಡುವೆ ಕೊಡುವುದು ಸುಮಾರು 1.2 ವೋಲ್ಟ್, ಅಂದರೆ ಟಾರ್ಚಿನ ಒಂದು ಸೆಲ್ಲಿಗಿಂತಲೂ ಕಡಿಮೆ. 1.23 ವೋಲ್ಟ್ ದಾಟಿದರೆ ನೀರೇ ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕವಾಗಲು ತೊಡಗಬಹುದಾದ್ದರಿಂದ ಆ ಮಿತಿಯೊಳಗೇ ಇರುವುದು ಯಂತ್ರದ ಹಿತಕ್ಕೂ ಒಳ್ಳೆಯದು. ಹೊರಬಂದ ನೀರಿನಲ್ಲಿ ಯಾವ ವಿದ್ಯುತ್ತೂ ಉಳಿದಿರುವುದಿಲ್ಲ.

ಹೊಸ ಯಂತ್ರದಿಂದ ಆಗದ ಕೆಲಸಗಳನ್ನೂ ಮುಚ್ಚಿಡದೆ ಹೇಳಬೇಕು. ವಿದ್ಯುದಂಶವಿಲ್ಲದ ಯಾವುದನ್ನೂ ಅದು ಹಿಡಿಯಲಾರದು. ರೋಗಾಣುಗಳನ್ನು ಮತ್ತು ಹಲವು ಕೀಟನಾಶಕಗಳನ್ನು ಆರ್‌ಒ ಮೆಂಬ್ರೇನ್ ಬಹುಮಟ್ಟಿಗೆ ತಡೆಯುತ್ತಿತ್ತು, ಸಿಡಿಐ ತಡೆಯುವುದಿಲ್ಲ. ಆದ್ದರಿಂದ ಮೊದಲಿಗೆ ಮರಳಿನ ಮತ್ತು ಇದ್ದಿಲಿನ ಫಿಲ್ಟರ್, ಕೊನೆಗೆ ರೋಗಾಣುಗಳನ್ನು ಕೊಲ್ಲುವ ಯುವಿ (ನೇರಳಾತೀತ) ದೀಪ ಇರಲೇಬೇಕು, ಇವೆ. ದೀಪ ಆರಿದರೆ ನಲ್ಲಿಯೂ ಮುಚ್ಚಿಕೊಳ್ಳುವಂತೆ ಜೋಡಣೆ ಮಾಡಿಸಿದ್ದೇವೆ. ಯುವಿ ಬೆಳಕು ಕ್ಲೋರಿನ್ನಿನ ಹಾಗೆ ನೀರಿನಲ್ಲಿ ಉಳಿಯುವಂಥದ್ದಲ್ಲ. ಕ್ಯಾನ್ ಕೊಳೆಯಾಗಿದ್ದರೆ ಒಳ್ಳೆಯ ನೀರೂ ಕೆಡುತ್ತದೆ. ಪಾಚಿ ಕಟ್ಟಿದ ಕ್ಯಾನ್ ತಂದವರಿಗೆ ತೊಳೆದು ತರುವಂತೆ ಹೇಳಲು ನಮ್ಮ ನಿರ್ವಾಹಕರಿಗೆ ಸೂಚಿಸಲಾಗಿದೆ, ದಯವಿಟ್ಟು ಬೇಸರಿಸಬೇಡಿ.

ಫ್ಲೋರೈಡ್ ವಿಷಯ ಇದಕ್ಕಿಂತ ಗಂಭೀರವಾದುದು. ಅದು ಹೆಚ್ಚಾಗಿ ಹಲ್ಲು ಕಂದಾಗುವುದನ್ನು, ಕೀಲು ಬಿಗಿಯುವುದನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಗತ್ಯಂತರವಿಲ್ಲದ ಕಡೆ 1.5ರವರೆಗೆ. ಸಿಡಿಐ ಯಂತ್ರದಲ್ಲಿ ಫ್ಲೋರೈಡ್ ಕಣಗಳು ಜಾಗಕ್ಕಾಗಿ ಕ್ಲೋರೈಡ್ ಮುಂತಾದ ಬೇರೆ ಕಣಗಳೊಂದಿಗೆ ಪೈಪೋಟಿ ಮಾಡಬೇಕಾಗುತ್ತದೆ. ಹೀಗಾಗಿ ಟಿಡಿಎಸ್ ಚೆನ್ನಾಗಿ ಇಳಿದಿದೆ ಎಂದ ಮಾತ್ರಕ್ಕೆ ಫ್ಲೋರೈಡೂ ಅಷ್ಟೇ ಇಳಿದಿದೆ ಎನ್ನುವಂತಿಲ್ಲ. ಟಿಡಿಎಸ್ ಮೀಟರ್ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದನ್ನು ಮಾತ್ರ. ಅದಕ್ಕೆ ಫ್ಲೋರೈಡ್ ಎಷ್ಟಿದೆ ಎಂಬುದು ಬೇರೆಯಾಗಿ ಕಾಣದು, ರೋಗಾಣುವೂ ಕಾಣದು. ಹೊಸ ಯಂತ್ರದ ಪ್ರಯೋಗದ ಅವಧಿಯಲ್ಲಿ ಪರೀಕ್ಷೆಗೆ ಕಳುಹಿಸಿದ ಎಲ್ಲ ಮಾದರಿಗಳಲ್ಲಿಯೂ ಫ್ಲೋರೈಡ್ 1ರ ಒಳಗೇ ಇತ್ತು. ಆದರೂ ಮೊದಲ ಆರು ತಿಂಗಳು ಪ್ರತಿ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ಘಟಕದ ಗೋಡೆಗೆ ಅಂಟಿಸುತ್ತೇವೆ. 1 ದಾಟಿದ ದಿನವೇ ಹೊಸ ಯಂತ್ರವನ್ನು ನಿಲ್ಲಿಸಿ ಆರ್‌ಒ ಚಾಲೂ ಮಾಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಹಳೆಯ ಯಂತ್ರವನ್ನು ಮಾರದೆ ಇಟ್ಟುಕೊಂಡಿರುವುದು ಇದಕ್ಕಾಗಿಯೇ.

ಇನ್ನು ಹೊರಹೋಗುವ ನೀರಿನ ಮಾತು. ಒಂದು ಕ್ಯಾನಿಗೆ ಸುಮಾರು 20 ಲೀಟರ್ ಹಾಳಾಗುತ್ತಿದ್ದುದು ಇನ್ನು 5 ಲೀಟರಿಗೆ ಇಳಿಯುತ್ತದೆ. ಆದರೆ ತೆಗೆದ ಉಪ್ಪು ಎಲ್ಲಿಗೂ ಮಾಯವಾಗುವುದಿಲ್ಲ. ಕಡಿಮೆ ನೀರಿನಲ್ಲಿ ಸೇರಿಕೊಳ್ಳುವುದರಿಂದ ಆ ನೀರು ಹಿಂದಿನ ವೇಸ್ಟ್ ನೀರಿಗಿಂತ ಸುಮಾರು ಎರಡು ಪಟ್ಟು ಉಪ್ಪಾಗಿರುತ್ತದೆ. ಹಿಂಬದಿಯ ತೊಟ್ಟಿಯಿಂದ ನೀರು ಒಯ್ದು ಗಾಡಿ ತೊಳೆಯುತ್ತಿದ್ದವರು, ದನಗಳಿಗೆ ಕುಡಿಸುತ್ತಿದ್ದವರು, ತೆಂಗಿನ ಬುಡಕ್ಕೆ ಬಿಡುತ್ತಿದ್ದವರು ಇದ್ದಾರೆ. ಅವರೆಲ್ಲರಿಗೂ ಅನಾನುಕೂಲವಾಗುವುದು ನಿಜ, ವಿಷಾದಿಸುತ್ತೇವೆ. 1ನೇ ತಾರೀಖಿನಿಂದ ಆ ತೊಟ್ಟಿಯ ನೀರನ್ನು ಯಾವ ಕಾರಣಕ್ಕೂ ದನಗಳಿಗಾಗಲಿ ಗಿಡಗಳಿಗಾಗಲಿ ಕೊಡಬಾರದು. ಅದನ್ನು ಟಾರ್ಪಾಲಿನ್ ಹಾಸಿದ ಹೊಂಡದಲ್ಲಿ ಬಿಸಿಲಿಗೆ ಒಣಗಿಸುವ ಏರ್ಪಾಡಾಗಿದೆ. ಮಳೆಗಾಲದಲ್ಲಿ ಹೊಂಡದ ಮೇಲೆ ತಗಡು ಮುಚ್ಚಬೇಕಾಗುತ್ತದೆ.

ನಮ್ಮದು ಗಡಸು ನೀರಾದ್ದರಿಂದ ಹಾಳೆಗಳ ಮೇಲೆ ಸುಣ್ಣ ಕಟ್ಟುತ್ತದೆ. ಅದನ್ನು ಸಿಟ್ರಿಕ್ ಆಮ್ಲದಿಂದ ತೊಳೆಯಲು ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಸೋಮವಾರ ಮಧ್ಯಾಹ್ನ 12ರಿಂದ 4ರವರೆಗೆ ಘಟಕ ಮುಚ್ಚಿರುತ್ತದೆ. ವರ್ಷಗಳು ಕಳೆದಂತೆ ಧನ ಹಾಳೆಯ ಇದ್ದಿಲು ಸವೆಯುತ್ತ ಬರುವುದರಿಂದ ಹಾಳೆಗಳನ್ನು ಬದಲಿಸುವ ಖರ್ಚೂ ಇದೆ. ಅದಕ್ಕೆಂದು ಪ್ರತಿ ಕ್ಯಾನಿನ ಹಣದಲ್ಲಿ 50 ಪೈಸೆಯನ್ನು ಬೇರೆಯಾಗಿ ಇಡುತ್ತೇವೆ. ಅಂದಹಾಗೆ, ನಮ್ಮ ನೀರನ್ನು ಅಂಗಡಿಯ ಇನ್ವರ್ಟರ್ ಬ್ಯಾಟರಿಗೆ ಹಾಕುತ್ತಿರುವವರು ಇನ್ನಾದರೂ ನಿಲ್ಲಿಸಿ. ಅದಕ್ಕೆ ಬೇಕಾದದ್ದು ಬಟ್ಟಿ ಇಳಿಸಿದ ನೀರು. ಹಳೆಯ ಯಂತ್ರದ ನೀರೂ ಅದಕ್ಕೆ ತಕ್ಕುದಾಗಿರಲಿಲ್ಲ.

ಸಪ್ಪೆ ನೀರಿಗೆ ನಾಲಿಗೆ ಒಗ್ಗಿದವರಿಗೆ ಮೊದಲ ಕೆಲವು ದಿನ ಹೊಸ ನೀರು ತುಸು ಗಟ್ಟಿ ಎನಿಸಬಹುದು. ಈ ವಾರ ಬೆಳಿಗ್ಗೆ 7ರಿಂದ 9ರವರೆಗೆ ಘಟಕದ ಬಳಿ ಎರಡೂ ನೀರನ್ನು ಲೋಟದಲ್ಲಿ ಇಟ್ಟಿರುತ್ತೇವೆ, ಬಂದು ಕುಡಿದು ನೋಡಿ. ಹಳೆಯ ನೀರೇ ಬೇಕೆನ್ನುವವರು ಸಂಘದ ಕಚೇರಿಯಲ್ಲಿರುವ ಪುಸ್ತಕದಲ್ಲಿ ಹೆಸರು ಬರೆಸಬಹುದು. ಮೂರು ತಿಂಗಳ ನಂತರದ ಸರ್ವಸದಸ್ಯರ ಸಭೆಯಲ್ಲಿ ಆ ಪುಸ್ತಕ, ಪರೀಕ್ಷಾ ವರದಿಗಳು ಮತ್ತು ಕರೆಂಟ್ ಬಿಲ್ಲುಗಳನ್ನು ಒಟ್ಟಿಗೆ ಮಂಡಿಸಲಾಗುವುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)