ಐಜಿಇ ಆಂಟಿಬಾಡಿ ಬಂದಿದೆ, ಸೋಮವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ,

ಮನುಷ್ಯರ ಐಜಿಇ (ಅಲರ್ಜಿಗೆ ಸಂಬಂಧಿಸಿದ ಆಂಟಿಬಾಡಿ) ಪತ್ತೆಗೆ ತರಿಸಿದ ಎಚ್‌ಆರ್‌ಪಿ (ಬಣ್ಣ ಬರಿಸುವ ಕಿಣ್ವ) ಜೋಡಿಸಿದ ಆಂಟಿಬಾಡಿ ಇವತ್ತು ಬಂತು. ಪಾರ್ಥೇನಿಯಂ ಪರಾಗ, ಧೂಳುನುಸಿ ಅಲರ್ಜಿಯ ಸೀರಮ್‌ಗಳ ಮೇಲೆ ಎಲೈಸಾ (ಪ್ಲೇಟಿನಲ್ಲಿ ಬಣ್ಣ ನೋಡಿ ಆಂಟಿಬಾಡಿ ಅಳೆಯುವ ಪರೀಕ್ಷೆ) ಮಾಡುವವರು ದಯವಿಟ್ಟು ಪೂರ್ತಿ ಓದಿ. ಮಂಗಳವಾರ ಬೆಳಿಗ್ಗೆ 10ಕ್ಕೆ ಹಂಚುತ್ತೇವೆ.

ವಯಲ್ 4 ಡಿಗ್ರಿ ಫ್ರಿಜ್‌ನಲ್ಲಿದೆ, ಬೆಳಕು ಬೀಳದಂತೆ ಫಾಯಿಲ್ ಸುತ್ತಿದ್ದೇನೆ. ಫ್ರೀಜರ್‌ಗೆ ಹಾಕಲೇಬೇಡಿ. ತೆರೆಯುವ ಮುಂಚೆ ಒಂದು ಸಲ ಸ್ಪಿನ್ ಮಾಡಿ, ಮುಚ್ಚಳಕ್ಕೆ ಅಂಟಿದ ಹನಿ ಕೆಳಗಿಳಿಯಲಿ. ಬಫರ್‌ನಲ್ಲಿ ಸೋಡಿಯಂ ಅಜೈಡ್ (ಕೆಡದಂತೆ ಹಾಕುವ ರಾಸಾಯನಿಕ) ಇದೆಯಾ ಅಂತ ಲೇಬಲ್ ನೋಡಿ. ಇದ್ದರೆ ಅದು ಎಚ್‌ಆರ್‌ಪಿಯನ್ನು ತಡೆಯುತ್ತದೆ, ಬಣ್ಣ ಸರಿಯಾಗಿ ಬರಲ್ಲ.

ಸೀರಮ್ಮನ್ನು 56 ಡಿಗ್ರಿಗೆ ಬಿಸಿ ಮಾಡುವ ಅಭ್ಯಾಸ ಕೆಲವರಿಗಿದೆ. ಇಲ್ಲಿ ಅದು ಬೇಡ. ಆ ಬಿಸಿಗೆ ಐಜಿಇಯ ಎಫ್‌ಸಿ (ಬಾಲದ ಕಡೆಯ) ಭಾಗದ ಆಕಾರವೇ ಕೆಡುತ್ತದೆ, ಆಮೇಲೆ ಈ ಹೊಸ ಆಂಟಿಬಾಡಿ ಅದನ್ನು ಸರಿಯಾಗಿ ಹಿಡಿಯದೇ ಹೋಗಬಹುದು.

ಇನ್ನೊಂದು ಮುಖ್ಯ ವಿಷಯ. 1 ಐಯು (ಅಂತರರಾಷ್ಟ್ರೀಯ ಮಾನ) ಐಜಿಇ ಅಂದ್ರೆ ಬರೀ 2.4 ನ್ಯಾನೊಗ್ರಾಂ. ಅದೇ ಸೀರಮ್‌ನಲ್ಲಿ ಐಜಿಜಿ (ರಕ್ತದಲ್ಲಿ ಅತಿ ಹೆಚ್ಚಿರುವ ಆಂಟಿಬಾಡಿ) ಸಾಮಾನ್ಯವಾಗಿ ಸಾವಿರಾರು ಪಟ್ಟು ಜಾಸ್ತಿ ಇರುತ್ತದೆ. ಈ ಹೊಸ ಆಂಟಿಬಾಡಿ ಐಜಿಜಿಗೆ ಸ್ವಲ್ಪ ಅಂಟಿದರೂ ಅಲರ್ಜಿ ಇಲ್ಲದವರೂ ಪಾಸಿಟಿವ್ ಕಾಣಿಸುತ್ತಾರೆ. ಹಾಗಾಗಿ ಪ್ರತಿ ಪ್ಲೇಟಿನಲ್ಲೂ ಶುದ್ಧ ಐಜಿಜಿಯ ಒಂದು ಬಾವಿ (ಪ್ಲೇಟಿನ ಗುಳಿ, ವೆಲ್), ಸೀರಮ್ ಇಲ್ಲದ ಒಂದು ಬಾವಿ ಇರಲೇಬೇಕು. ಹಳೇ ಲಾಟಿನ (ಹಿಂದೆ ತರಿಸಿದ ಆಂಟಿಬಾಡಿಯ) ಡೈಲ್ಯೂಷನ್ (ತೆಳು ಮಾಡುವ ಪ್ರಮಾಣ) ಸುಮ್ನೆ ಬಳಸಬೇಡಿ. ಮೊದಲ ಪ್ಲೇಟಿನಲ್ಲಿ ಟೈಟ್ರೇಷನ್ (ಬೇರೆ ಬೇರೆ ಡೈಲ್ಯೂಷನ್ ಹೋಲಿಸಿ ನೋಡುವುದು) ನಾವೇ ಮಾಡಿ, ಸರಿ ಹೊಂದುವ ಡೈಲ್ಯೂಷನ್ ಇಲ್ಲೇ ಹಾಕುತ್ತೇವೆ.

ಸ್ಯಾಂಪಲ್ ಎಷ್ಟು, ಪ್ಲೇಟ್ ಎಷ್ಟು, ಯಾವ ದಿನ ಬೇಕು ಅಂತ ಸೋಮವಾರ ಸಂಜೆ 5ರೊಳಗೆ ಇಲ್ಲೇ ಬರೆಯಿರಿ. ತೆಗೆದುಕೊಂಡಾಗ ಲಾಗ್ ಪುಸ್ತಕದಲ್ಲಿ ಹೆಸರು, ಮೈಕ್ರೋಲೀಟರ್ ಬರೆಯಿರಿ.