ಗ್ರೂಪ್ ಫೋಟೋಗೆ ಲೆನ್ಸ್ ಯಾವ್ದು ಹಾಕ್ಬೇಕು

ಸಂಪಾದಕರೇ,

ನಮ್ಮ ಕಾಸರಗೋಡು ಕಡೆ ಈಗ ಕುಟುಂಬದವರೆಲ್ಲ ತರವಾಡು ಮನೆಯಲ್ಲಿ (ಮೂಲ ಮನೆಯಲ್ಲಿ) ಒಟ್ಟು ಸೇರೋದೇ ಅಪರೂಪ, ಸೇರಿದಾಗ ತೆಗೆಯೋ ಆ ಒಂದು ಗ್ರೂಪ್ ಫೋಟೋ ಆದ್ರೂ ಚಂದ ಬರ್ಲಿ ಅಂತ ಈ ಪತ್ರ. ಎಲ್ಲರನ್ನೂ ಜಗಲಿ ಮೆಟ್ಟಿಲಲ್ಲಿ ನಿಲ್ಲಿಸಿ ಹತ್ತಿರದಿಂದ್ಲೇ ಕಿಟ್ ಲೆನ್ಸನ್ನ (ಕ್ಯಾಮೆರಾ ಜೊತೆಗೇ ಬರೋ ಲೆನ್ಸ್) 18 ಎಂಎಂಗೆ, ಅಂದ್ರೆ ತುಂಬಾ ಅಗಲ ನೋಟಕ್ಕೆ ತಿರುಗಿಸಿ ಕ್ಲಿಕ್ ಮಾಡ್ತಾರೆ, ಎಲ್ರೂ ಫ್ರೇಮಲ್ಲಿ ಬರ್ತಾರೆ ನಿಜ, ಆದ್ರೆ ತುದಿಯಲ್ಲಿ ನಿಂತ ಅತ್ತೆಯ ಮುಖ, ತೋಳು ಅಡ್ಡಕ್ಕೆ ಎಳೆದ ಹಾಗೆ ಕಾಣ್ತದೆ, ಹಿಂದಿನ ಸಾಲಿನವರ ತಲೆ ಸಣ್ಣ ಆಗ್ತದೆ. ಅಂಗಳ ಇದ್ರೆ ದಯವಿಟ್ಟು ಹಿಂದೆ ಹೋಗಿ 35 ಎಂಎಂ ಹಾಕಿ, ಎಪಿಎಸ್-ಸಿ ಸೆನ್ಸರ್ (ಚಿತ್ರ ಹಿಡಿಯೋ ಭಾಗ ಸ್ವಲ್ಪ ಸಣ್ಣದಿರೋ) ಕ್ಯಾಮೆರಾದಲ್ಲಿ ಅದು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ 50 ಎಂಎಂ ಹತ್ತಿರದ ನೋಟ ಕೊಡ್ತದೆ. ಎಲ್ರೂ ತಗೊಳ್ಳೋ 50 ಎಂಎಂ ಎಫ್ 1.8 ಒಳ್ಳೇ ಲೆನ್ಸೇ, ಒಬ್ಬರು ಇಬ್ಬರ ಫೋಟೋಗೆ ಬೆಸ್ಟ್, ಆದ್ರೆ ಅದೇ ಕ್ಯಾಮೆರಾದಲ್ಲಿ 75-80ರ ಹಾಗೆ ಆಗ್ತದೆ, ದೊಡ್ಡ ಕುಟುಂಬಕ್ಕೆ ಅಂಗಳ ದಾಟಿ ತೋಟಕ್ಕೇ ಇಳೀಬೇಕಾಗ್ತದೆ.

ಎಫ್ 1.8 ಇದೆ ಅಂತ ಲೆನ್ಸಿನ ಕಿಂಡಿ ಪೂರ್ತಿ ತೆರೆದು ತೆಗೀಬೇಡಿ (ಎಫ್ ಸಂಖ್ಯೆ ಸಣ್ಣದಾದಷ್ಟು ಕಿಂಡಿ ದೊಡ್ಡದು), ಹಿಂದಿನ ಸಾಲು ಮಬ್ಬಾಗ್ತದೆ. ಎರಡ್ಮೂರು ಸಾಲಿಗೆ ಎಫ್ 5.6ರಿಂದ 8 ಬೇಕೇ ಬೇಕು, ಶಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ, ಮಕ್ಕಳು ಸುಮ್ನೆ ನಿಲ್ಲೋದಿಲ್ಲ ನೋಡಿ. ಮಳೆಗಾಲದಲ್ಲಿ ಬೆಳಕು ಸಾಲದಿದ್ರೆ ಐಎಸ್ಒ (ಕ್ಯಾಮೆರಾ ಚಿತ್ರವನ್ನ ಬೆಳಗಿಸೋ ಸೆಟ್ಟಿಂಗ್) ಏರಿಸಿ, ಫೋಟೋದಲ್ಲಿ ಸ್ವಲ್ಪ ಗ್ರೇನ್ಸ್ (ಚುಕ್ಕಿ ಚುಕ್ಕಿ) ಬಂದ್ರೂ ಅಜ್ಜನ ಮುಖ ಅಲುಗಾಡಿದ್ದಕ್ಕಿಂತ ಲೇಸು.

ಜಾಗವೇ ಇಲ್ಲ, 18ರಂಥ ವೈಡೇ (ಅಗಲ ನೋಟದ್ದೇ) ಹಾಕ್ಬೇಕು ಅಂದ್ರೆ ಹಿರಿಯರನ್ನ ನಡುವಲ್ಲಿ ಕೂರಿಸಿ, ಎರಡೂ ಬದಿ ಸ್ವಲ್ಪ ಖಾಲಿ ಬಿಟ್ಟು ತೆಗೀರಿ, ಆಮೇಲೆ ಕ್ರಾಪ್ ಮಾಡ್ಬಹುದು.

- ಓರ್ವ ಓದುಗ, ಬದಿಯಡ್ಕ